ಶೇವಂತಿಯ ಕತ್ತಿನ ಜಡೆ

ಶೇವಂತಿಯ ಕತ್ತಿನಲ್ಲಿ ಜಡೆ ಬಂದಿದೆ ಎಂಬ ಸಂಗತಿಯನ್ನು ಧರ್ಮಣ್ಣ ಎಂಟು ದಿನ ಯಾರಿಗೂ ಹೇಳದೆ ಇಟ್ಟುಕೊಂಡ. ಹೆಂಡತಿಗೂ ಹೇಳಲಿಲ್ಲ.

ಶೇವಂತಿ ಎಂದರೆ ಕುದುರೆ. ಕಂದು ಮೈ, ಹಣೆಯ ಮೇಲೆ ಅರಳಿದ ಹೂವಿನಂಥ ಬಿಳಿ ಮಚ್ಚೆ, ಹನ್ನೊಂದು ವರ್ಷದ ಹೆಣ್ಣು. ಪುಣೆಯ ಹಡಪಸರ ದಾಟಿ, ಕಂಪನಿಗಳ ಗಾಜಿನ ಕಟ್ಟಡಗಳು ಮುಗಿದು ಕಬ್ಬಿನ ಹೊಲಗಳು ಇನ್ನೂ ಒಂದಿಷ್ಟು ಉಳಿದಿರುವ ಕಡೆ ಒಂದು ಸವಾರಿ ಶಾಲೆಯಿದೆ. ಅಲ್ಲಿನ ಒಂಬತ್ತು ಕುದುರೆಗಳಲ್ಲಿ ಅವಳೊಬ್ಬಳು. ಧರ್ಮಣ್ಣ ಆ ಲಾಯದಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದಾನೆ. ಲಿಂಗಸುಗೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವನು. ಇದೇ ಲಾಯದ ಗೋಡೆ ಕಟ್ಟಲು ಬಂದು, ಗೋಡೆ ಮುಗಿದ ಮೇಲೂ ಕುದುರೆಗಳನ್ನು ಬಿಟ್ಟು ಹೋಗಲಾರದೆ ಉಳಿದುಬಿಟ್ಟ. ಈಗ ಸ್ಪರ್ಧೆ ಇದೆಯೆಂದರೆ ಕುದುರೆಗಳ ಮೈ ಮಿರುಗಿಸುವುದು, ಗೊರಸಿಗೆ ಎಣ್ಣೆ ಸವರುವುದು, ಕತ್ತಿನ ಕೂದಲು ಹೆಣೆಯುವುದು ಎಲ್ಲ ಅವನದೇ ಕೈ. ಅವನು ಹೆಣೆದ ಜಡೆಗಳು ದಾರಕ್ಕೆ ಪೋಣಿಸಿದ ಮಣಿಗಳಂತೆ ಒಂದರ ಪಕ್ಕ ಒಂದು ಕೂರುತ್ತಿದ್ದವು. ಬೇರೆ ಲಾಯದವರು ಬಂದು ನೋಡಿ ಹೋಗುತ್ತಿದ್ದರು.

ಕಾಲಿನ ನೋವಿಗೆ ವಿಶ್ರಾಂತಿ ಬೇಕೆಂದು ಶೇವಂತಿಯನ್ನು ನಾಲ್ಕು ತಿಂಗಳು ಭೋರ್ ಕಡೆಯ ಗುಡ್ಡದ ಹುಲ್ಲಿಗೆ ಕಳಿಸಿದ್ದರು. ಮರಳಿ ಬಂದು ಲಾರಿಯಿಂದ ಇಳಿದಾಗ ಮೈತುಂಬ ಒಣಗಿದ ಕೆಸರು, ಬಾಲದ ತುಂಬ ಕಡ್ಡಿ. ಧರ್ಮಣ್ಣ ಕೆಸರು ಉದುರಿಸಿ, ಬ್ರಷ್ ಹಾಕಿ, ಬಾಲ ಬಿಡಿಸಿ, ಕೊನೆಗೆ ಕತ್ತಿನ ಕೂದಲಿಗೆ ಕೈ ಹಾಕಿದ. ಬಲಕ್ಕೆ ಬಿದ್ದ ಕೂದಲಿನ ಅಡಿಯಲ್ಲಿ, ಕತ್ತಿನ ನಟ್ಟನಡುವೆ, ಗಟ್ಟಿಯಾದದ್ದೊಂದು ಬೆರಳಿಗೆ ತಗುಲಿತು. ಹೆಬ್ಬೆರಳಿನಷ್ಟು ದಪ್ಪ, ಗೇಣುದ್ದ. ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ತಿಳಿಯದಂತೆ ಕೂದಲೆಲ್ಲ ಒಂದಾಗಿ ಕೂಡಿಕೊಂಡಿತ್ತು.

ಬೇರೆ ಯಾರಾದರೂ ಆಗಿದ್ದರೆ ಗಂಟಾಗಿದೆ ಎನ್ನುತ್ತಿದ್ದರು. ಧರ್ಮಣ್ಣನೂ ಎಷ್ಟೋ ಗಂಟು ಬಿಡಿಸಿದವನೇ. ಆದರೆ ಅವನ ಕೈಗೆ ಈ ಸ್ಪರ್ಶ ಗುರುತಿತ್ತು. ಚಿಕ್ಕಂದಿನ ಗುರುತು. ಕೈ ತಾನಾಗಿ ಹಿಂದೆ ಸರಿಯಿತು. ಅಂದು ಶುಕ್ರವಾರ ಬೇರೆ. ಎಲ್ಲಮ್ಮತಾಯಿ ತನ್ನವರೆಂದು ಆರಿಸಿಕೊಂಡವರ ತಲೆಯಲ್ಲಿ ಜಡೆಯಾಗಿ ಬರುತ್ತಾಳೆ. ಬಂದ ಮೇಲೆ ಬಾಚಣಿಗೆ ಹಚ್ಚುವಂತಿಲ್ಲ, ಕತ್ತರಿ ಹಚ್ಚುವಂತಿಲ್ಲ. ಅವನ ಊರಲ್ಲಿ ಎಲ್ಲರೂ ನಡೆದುಕೊಂಡು ಬಂದದ್ದು ಹಾಗೆ. ಧರ್ಮಣ್ಣ ಅಂಗಿಯ ಜೇಬಿನ ಚೀಲದಿಂದ ಚಿಟಿಕೆ ಭಂಡಾರ, ದೇವಿಯ ಅರಿಶಿಣ, ತೆಗೆದು ಆ ಜಡೆಗೆ ಹಚ್ಚಿದ, ಕೈಮುಗಿದ, ಉಳಿದ ಕೂದಲನ್ನು ಅದರ ಮೇಲೆ ಇಳಿಬಿಟ್ಟು ಮುಚ್ಚಿದ. ಬೆಳಿಗ್ಗೆ ಸಂಜೆ ಹಾಗೆಯೇ ಮಾಡುತ್ತಾ ಬಂದ.

ಭಕ್ತಿಯೊಂದೇ ಆಗಿದ್ದರೆ ಅವನಿಗೆ ನಿದ್ದೆಯಾದರೂ ಬರುತ್ತಿತ್ತು. ಅದರ ಕೆಳಗೆ ಹೆದರಿಕೆ ಇತ್ತು.

ಅವನ ಅವ್ವನಿಗೆ ಜಡೆ ಬಂದಿತ್ತು. ಅವನಿಗೆ ಬುದ್ಧಿ ತಿಳಿಯುವ ಹೊತ್ತಿಗೆ ಅದು ಸೊಂಟದವರೆಗೆ ಇಳಿದು ಒನಕೆಯಷ್ಟು ದಪ್ಪವಾಗಿತ್ತು. ಶುಕ್ರವಾರ ಓಣಿಯ ಹೆಂಗಸರು ಬಂದು ಅದನ್ನು ಮುಟ್ಟಿ ನಮಸ್ಕಾರ ಮಾಡುತ್ತಿದ್ದರು. ಕಳೆ ಕೀಳುವಾಗ ಅದು ಮುಂದಕ್ಕೆ ಜಾರುತ್ತಿತ್ತು, ಅವ್ವ ಹಿಂದಕ್ಕೆ ಎಸೆಯುತ್ತಿದ್ದಳು. ಮಲಗುವಾಗ ತಲೆಯ ಕೆಳಗೆ ಕಲ್ಲಿಟ್ಟಂತೆ ಆಗುತ್ತದೆಂದು ನರಳುತ್ತಿದ್ದಳು. ಆಗ ಧರ್ಮಣ್ಣ ಪಕ್ಕದಲ್ಲಿ ಕೂತು ಜಡೆಯನ್ನು ಎರಡೂ ಅಂಗೈಯಲ್ಲಿ ಎತ್ತಿ ಹಿಡಿಯುತ್ತಿದ್ದ. ಅವಳಿಗೆ ಜೋಂಪು ಹತ್ತಿದ ಮೇಲೆ ಮೆಲ್ಲಗೆ ಇಳಿಸುತ್ತಿದ್ದ. ಅವನಿಗೆ ಹನ್ನೆರಡು ವರ್ಷವಾದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, "ತಲಿ ಸಿಡದು ಹೋಗ್ತದೋ ಮಗನ. ಇದನ್ನ ತಗದ ಬಿಡು, ಯಾರಿಗೂ ಹೇಳಬ್ಯಾಡ" ಎಂದು ಅವ್ವ ಅವನ ಕೈ ಹಿಡಿದುಕೊಂಡಳು. ಅವನು ಕುರುಬರ ಮನೆಯ ಉಣ್ಣೆ ಕತ್ತರಿ ತಂದು ಜಡೆ ಕತ್ತರಿಸಿದ. ಹಳ್ಳಕ್ಕೆ ಒಯ್ದು ಬಿಟ್ಟುಬಂದ. ತಾನಾಗಿ ಉದುರಿತೆಂದು ಅವ್ವ ಊರಿಗೆಲ್ಲ ಹೇಳಿದಳು. ಒಂಬತ್ತನೆಯ ದಿನ ಜ್ವರದಲ್ಲಿ ತೀರಿಕೊಂಡಳು.

ತಾಯಿ ತನ್ನವಳನ್ನು ಕರೆದುಕೊಂಡಳು ಎಂದರು ಊರವರು. ಹನ್ನೆರಡು ವರ್ಷದ ಹುಡುಗನಿಗೆ ಮಾತ್ರ ಕತ್ತರಿ ಯಾರ ಕೈಯಲ್ಲಿತ್ತು ಎಂಬುದು ಗೊತ್ತಿತ್ತು. ನಲವತ್ತೆರಡು ವರ್ಷ ಕಳೆದಿತ್ತು. ದೇವಿಯ ಮುಂದೆ ನಿಂತಾಗಲೆಲ್ಲ ಅವನು ಕಣ್ಣು ತಗ್ಗಿಸಿಯೇ ಕೈಮುಗಿಯುತ್ತಿದ್ದ, ತಪ್ಪು ಮಾಡಿದ ಆಳು ಧಣಿಯ ಮುಂದೆ ನಿಂತ ಹಾಗೆ. ಈಗ ಶೇವಂತಿಯ ಜಡೆಗೆ ಯಾರಾದರೂ ಕತ್ತರಿ ಹಚ್ಚಿದರೆ ಶೇವಂತಿ ಸಾಯುತ್ತಾಳೆ. ಇದರಲ್ಲಿ ಅವನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಸ್ಪರ್ಧೆ ಭಾನುವಾರವಿತ್ತು. ಓಟವಲ್ಲ, ಜಿಗಿತವಲ್ಲ, ಕುದುರೆ, ಜೀನು, ಸವಾರ ಮೂವರೂ ಎಷ್ಟು ಅಚ್ಚುಕಟ್ಟಾಗಿ ಸಿದ್ಧರಾಗಿ ಬಂದಿದ್ದಾರೆ ಎಂದು ನೋಡುವುದು. ಟರ್ನ್‌ಔಟ್ ಎನ್ನುತ್ತಾರೆ. ತೀರ್ಪುಗಾರರು ಬಿಳಿ ಕರವಸ್ತ್ರದಿಂದ ಕುದುರೆಯ ಮೈ ಒರೆಸಿ ಧೂಳು ಹತ್ತಿತೇ ಎಂದು ನೋಡುತ್ತಾರೆ. ಶೇವಂತಿಯ ಮೇಲೆ ಕೂರಬೇಕಾದವಳು ನೀರಜಾ, ಹದಿನಾಲ್ಕು ವರ್ಷದ ಮರಾಠಿ ಹುಡುಗಿ, ಮೂರು ವರ್ಷದಿಂದ ಇದೇ ಕುದುರೆಯ ಮೇಲೆ ಕಲಿತವಳು.

ಶನಿವಾರ ಮಧ್ಯಾಹ್ನ ನೀರಜಾ ಹೊಸ ಬಿಳಿ ಕೈಗವಸು ಹಾಕಿಕೊಂಡು ನೋಡಲು ಬಂದಳು. ಶೇವಂತಿಯ ಕತ್ತು ಸವರಿದಳು. ಶೇವಂತಿ ತಲೆ ಕೊಡವಿ ಹಿಂದೆ ಸರಿಯಿತು. ಹುಡುಗಿ ಕೈ ನೋಡಿಕೊಂಡರೆ ಬೆರಳೆಲ್ಲ ಹಳದಿ.

"ಧರ್ಮಾಕಾಕಾ! ಹೇ ಕಾಯ್?" ಇದೇನೆಂದು ಮರಾಠಿಯಲ್ಲಿ ಕೇಳಿದಳು.

ತರಬೇತಿ ಕೊಡುವ ಕೇದಾರ ಸರ್ ಅಲ್ಲೇ ಇದ್ದ. ಮೂವತ್ತರ ಆಸುಪಾಸಿನವನು, ಧರ್ಮಣ್ಣನನ್ನು ಮಾಮಾ ಎಂದೇ ಕರೆಯುವವನು. ಬಂದು ಕೂದಲು ಎತ್ತಿ ನೋಡಿದ.

"ಏನು ಮಾಮಾ, ಶೇವಂತಿಗೆ ಮದುವೆ ಗೊತ್ತಾಯಿತೇ? ಅರಿಶಿಣ ಹಚ್ಚಿದ್ದೀರಿ!" ಎಂದು ಮರಾಠಿಯಲ್ಲಿ ನಗುತ್ತಲೇ ಕೇಳಿದ. ಆಮೇಲೆ ಅವನ ಬೆರಳಿಗೆ ಜಡೆ ಸಿಕ್ಕಿತು. ನಗು ನಿಂತಿತು. "ಇದು ಎಷ್ಟು ದಿನದಿಂದ ಇದೆ? ನಾಳೆ ಬೆಳಿಗ್ಗೆ ಹೆಣೆಯಬೇಕು, ಈ ಹಗ್ಗ ಇಟ್ಟುಕೊಂಡು ಏನು ಹೆಣೆಯುತ್ತೀರಿ? ಕತ್ತರಿ ತನ್ನಿ."

"ಬೇಡ ಸರ್," ಎಂದ ಧರ್ಮಣ್ಣ. ಮರಾಠಿಯಲ್ಲಿ ಅವನಿಗೆ ದಿನದ ಮಾತೆಲ್ಲ ಬರುತ್ತಿತ್ತು, ಇದನ್ನು ಬಿಡಿಸಿ ಹೇಳಲು ಬರಲಿಲ್ಲ. "ದೇವಿದು ಅದು. ಕತ್ತರಿಸಿದರೆ ಕುದುರೆ ಉಳಿಯೋದಿಲ್ಲ."

ಕೇದಾರ ಅವನ ಮುಖ ನೋಡಿದ. ಬೈಯುವವನಿದ್ದ, ಬೈಯಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಈ ಮನುಷ್ಯ ಒಂದು ಕೆಲಸಕ್ಕೂ ಬೇಡ ಅಂದದ್ದನ್ನು ಯಾರೂ ಕೇಳಿರಲಿಲ್ಲ.

"ಮಾಮಾ, ನನಗೆ ನಿಮ್ಮ ದೇವಿಯ ಜೊತೆ ಜಗಳ ಬೇಡ. ಆದರೆ ಇವಳು ಹೀಗೆ ಕಣದೊಳಗೆ ಹೋಗುವುದಿಲ್ಲ. ಸಂಜೆ ಆರೂವರೆಗೆ ನಾನು ಮತ್ತೆ ಬರುತ್ತೇನೆ. ಅಷ್ಟರೊಳಗೆ ನೀವು ಏನಾದರೂ ಮಾಡಿ. ಇಲ್ಲವಾದರೆ ನಾನೇ ಕತ್ತರಿಸುತ್ತೇನೆ. ಪಾಪ ನನಗೇ ಬರಲಿ."

ಪಾಪ ಯಾರಿಗೆ ಬಂದರೇನು, ಸಾಯುವವಳು ಶೇವಂತಿ. ಧರ್ಮಣ್ಣ ಹುಲ್ಲಿನ ಕಟ್ಟಿನ ಮೇಲೆ ಕುಸಿದು ಕೂತ.

ಮೂರೂವರೆಗೆ ಅವನ ಹೆಂಡತಿ ಹುಲಿಗೆವ್ವ ಬುತ್ತಿ ತಂದಳು. ಹಡಪಸರದ ಕಾಯಿಪಲ್ಲೆ ಮಾರುಕಟ್ಟೆಯ ಬಾಯಿಯಲ್ಲಿ ಹೂ ಕಟ್ಟಿ ಮಾರುವ ಅವಳು ಮಧ್ಯಾಹ್ನ ಬುಟ್ಟಿ ಎತ್ತಿಕೊಂಡು ಇತ್ತ ಬರುವುದು ರೂಢಿ. ರೊಟ್ಟಿ ಬಿಚ್ಚಿಟ್ಟರೂ ಗಂಡ ಕೈ ಹಾಕಲಿಲ್ಲ.

"ಯಾಕ್ರಿ? ಪಲ್ಲೆ ಖಾರ ಇಲ್ಲ, ತಿನ್ರಿ."

"ಹಸಿವಿಲ್ಲ."

"ಹಸಿವಿಲ್ಲಂತ ಹೇಳೂ ಬಾಯಿ ಅಲ್ಲ ಅದು. ಏನಾತು?"

ಅವನು ಎದ್ದು ಶೇವಂತಿಯ ಕೂದಲು ಎತ್ತಿ ತೋರಿಸಿದ. ಹುಲಿಗೆವ್ವ ಮೊದಲು ಕೈಮುಗಿದಳು. ಆಮೇಲೆ ಹತ್ತಿರ ಹೋಗಿ ಬಗ್ಗಿ ನೋಡಿದಳು. ಕೇದಾರ ಹೇಳಿದ್ದನ್ನು ಗಂಡ ಹೇಳಿದ.

"ಕುದುರಿಗೂ ಜಡಿ ಬರ್ತದೇನ್ರಿ?"

"ತಾಯಿಗೆ ಮನಷಾರ ಆಗಬೇಕು ಅಂತದ ಏನು?"

"ಅದೂ ಖರೇನ," ಎಂದಳು ಹುಲಿಗೆವ್ವ. "ಹಂಗಾರ ನಾವ್ಯಾಕ ತಲಿ ಕೆಡಿಸಿಕೊಳ್ಳೂದು? ಆಕೀನ್ನ ಕೇಳೂಣು. ಪ್ರಸಾದ ಹಚ್ಚೂಣು."

ಊರಲ್ಲಿ ಯಾವ ಕೆಲಸಕ್ಕೂ ಹೀಗೆ ಕೇಳುತ್ತಾರೆ. ದೇವರ ಬಲಕ್ಕೊಂದು ಎಡಕ್ಕೊಂದು ಹೂವನ್ನು ನೀರು ಮುಟ್ಟಿಸಿ ಅಂಟಿಸಿ ಕೂರುತ್ತಾರೆ. ಬಲದ ಹೂ ಮೊದಲು ಬಿದ್ದರೆ ಆಗಲಿ ಎಂದು, ಎಡದ್ದು ಬಿದ್ದರೆ ಬೇಡ ಎಂದು. ಹುಲಿಗೆವ್ವ ಬುಟ್ಟಿಯಿಂದ ಎರಡು ಚೆಂಡು ಹೂ ತೆಗೆದಳು. ಬಕೀಟಿನ ನೀರಲ್ಲಿ ಅದ್ದಿ, ಕುದುರೆಯ ಕತ್ತಿನ ಮೇಲೆ ಜಡೆಯ ಆಚೆಗೊಂದು ಈಚೆಗೊಂದು ಕೂರಿಸಿದಳು. ಸೆರಗು ತಲೆಗೆ ಹೊದ್ದುಕೊಂಡಳು.

"ತಾಯಿ, ನಿನ್ನ ಜಡಿ ಬಿಡಿಸೂದಾ, ಬ್ಯಾಡಾ? ಬಾಯಿಲ್ಲದ ಪ್ರಾಣಿ ಮ್ಯಾಲ ಬಂದೀದಿ. ಜಲ್ದಿ ಹೇಳವ್ವ, ಆರೂವರಿಗೆ ಸಾಹೇಬ ಬರ್ತಾನ."

ಇಬ್ಬರೂ ಹೂಗಳನ್ನೇ ನೋಡುತ್ತಾ ನಿಂತರು. ಹೊರಗೆ ಯಾವುದೋ ಟೆಂಪೊ ಹಿಂದಕ್ಕೆ ಬರುವ ಸದ್ದು. ಶೇವಂತಿಗೆ ಕತ್ತಿನ ಮೇಲೆ ನೀರು ಇಳಿದು ಕಚಗುಳಿಯಾಯಿತೋ ಏನೋ, ಮೈಯೆಲ್ಲ ಒಮ್ಮೆ ಅದುರಿಸಿತು. ಎರಡೂ ಹೂ ಒಟ್ಟಿಗೇ ಹಾರಿ ಅವಳ ಮುಂದಿನ ಹುಲ್ಲಿನಲ್ಲಿ ಬಿದ್ದವು. ಯಾವುದು ಬಲ, ಯಾವುದು ಎಡ ಎಂದು ಧರ್ಮಣ್ಣ ಬಗ್ಗುವುದರೊಳಗೆ ಶೇವಂತಿ ತಲೆ ತಗ್ಗಿಸಿ ಎರಡನ್ನೂ ಬಾಯಿಗೆ ಹಾಕಿಕೊಂಡಿತು. ನಿಧಾನವಾಗಿ ಅಗಿಯಿತು. ತುಟಿಯ ಅಂಚಿನಲ್ಲಿ ಒಂದು ಕಿತ್ತಳೆ ಎಸಳು ಉಳಿದಿತ್ತು, ಅದನ್ನೂ ನಾಲಗೆಯಿಂದ ಎಳೆದುಕೊಂಡಿತು.

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು.

"ಆಗಲಿ ಅನ್ನೂದೂ ತಿಂದ್ಲು, ಬ್ಯಾಡ ಅನ್ನೂದೂ ತಿಂದ್ಲು," ಎಂದಳು ಹುಲಿಗೆವ್ವ. "ಇನ್ನ ಯಾರನ್ನ ಕೇಳ್ತೀರಿ?"

ಧರ್ಮಣ್ಣನಿಗೆ ನಗು ಬಂತು. ಎಂಟು ದಿನದಲ್ಲಿ ಮೊದಲ ಸಲ. ನಕ್ಕು ನಕ್ಕು ಕಣ್ಣಲ್ಲಿ ನೀರು ತುಂಬಿ, ನೀರು ನಿಲ್ಲದೆ, ನಗು ಎಲ್ಲಿ ಮುಗಿಯಿತೋ ಅಳು ಎಲ್ಲಿ ಶುರುವಾಯಿತೋ ಅವನಿಗೂ ತಿಳಿಯಲಿಲ್ಲ. ಹುಲಿಗೆವ್ವನಿಗೆ ಅವನ ನಗು ಗೊತ್ತಿತ್ತು. ಈ ಅಳು ಗೊತ್ತಿರಲಿಲ್ಲ.

"ತಾಯಿ ಅದನ್ನ ನನಗ ಬಿಟ್ಟಾಳ," ಎಂದ ಕೊನೆಗೆ. "ಕತ್ತರಿ ಮಾತ್ರ ಹಚ್ಚಾಂಗಿಲ್ಲ."

"ಕತ್ತರಿ ಯಾಕ ಬೇಕು? ನಿಮ್ಮ ಕೈಯಾಗ ಬೆರಳಿಲ್ಲೇನು?"

ಜಡೆ ಹೊಲಿಯುವ ದಪ್ಪ ಸೂಜಿಯೊಂದು ಅವನ ಪೆಟ್ಟಿಗೆಯಲ್ಲಿತ್ತು, ತುದಿ ಮೊಂಡಾದದ್ದು. ಹುಲಿಗೆವ್ವ ಕೊಬ್ಬರಿ ಎಣ್ಣೆಯ ಬಾಟಲಿ ತಂದಳು. ಜಡೆಯ ತುದಿಗೆ ಎಣ್ಣೆ ಉಣಿಸಿ, ಸೂಜಿಯ ಮೊನೆಯಿಂದ ಒಂದು ಕೂದಲನ್ನು ಬಿಡಿಸಿದ. ಇನ್ನೊಂದು. ಮತ್ತೊಂದು. ಬಿಟ್ಟುಬಂದ ಕೂದಲನ್ನು ಹೆಂಡತಿ ಎರಡು ಬೆರಳಲ್ಲಿ ಹಿಡಿದು ಪಕ್ಕಕ್ಕೆ ಸರಿಸುತ್ತಿದ್ದಳು. ನೀರಜಾ ಮನೆಗೆ ಹೋಗಿರಲಿಲ್ಲ. ಶೇವಂತಿಯ ಮುಂದೆ ಬಕೀಟು ಬೋರಲು ಹಾಕಿ ಕೂತು ಅವಳ ಮೂಗು ಸವರುತ್ತಾ, ತನ್ನ ಗಣಿತದ ಮೇಷ್ಟರ ಮೇಲಿನ ದೂರನ್ನೆಲ್ಲ ಮರಾಠಿಯಲ್ಲಿ ಕುದುರೆಗೆ ಹೇಳತೊಡಗಿದಳು.

ನಾಲ್ಕು ಬೆರಳಷ್ಟು ಬಿಟ್ಟ ಮೇಲೆ ಧರ್ಮಣ್ಣ ಮಾತಾಡಿದ. ತಲೆ ಎತ್ತಲಿಲ್ಲ. ಅವ್ವನ ಜಡೆಯ ಮಾತು ಹೇಳಿದ. ಕುರುಬರ ಮನೆಯ ಕತ್ತರಿಯ ಮಾತು, ಹಳ್ಳದ ಮಾತು, ಒಂಬತ್ತನೆಯ ದಿನದ ಮಾತು. ಕನ್ನಡ ತಿಳಿಯದ ನೀರಜಾ ಗಣಿತದ ಮೇಷ್ಟರನ್ನು ಬಿಟ್ಟು ಇಂಗ್ಲಿಷ್ ಮೇಡಮ್‌ಗೆ ಬಂದಿದ್ದಳು.

ಹುಲಿಗೆವ್ವನ ಬೆರಳು ನಿಂತವು.

"ಇಪ್ಪತ್ತೇಳು ವರ್ಷ ಆತು ಲಗ್ನಾಗಿ. ನಿಮ್ಮ ಹೊಟ್ಟ್ಯಾಗ ಇಷ್ಟು ದೊಡ್ಡ ಕಲ್ಲದ ಅಂತ ನನಗೊಂದು ಮಾತು ಹೇಳಬಾರದ?"

"ಹೇಳಿದ್ರ ನೀ ಬಿಟ್ಟು ಹೋಗ್ತಿದ್ದಿ."

"ಹೋಗಿ ಎಲ್ಲಿಗೆ ಹೋಗ್ಲಿ, ಈ ಪುಣ್ಯಾದಾಗ ಬಸ್ಸು ಸಿಗಬೇಕಲ್ಲ," ಎಂದಳು ಹುಲಿಗೆವ್ವ. ಕಣ್ಣು ಒರೆಸಿಕೊಂಡಳು, ಎಣ್ಣೆಯ ಕೈ ಕಣ್ಣಿಗೆ ಉರಿಯಾಯಿತು. "ನಿಮ್ಮಕ್ಕಗ ಹೇಳೀರೇನು?"

"ಪಾರವ್ವಗ? ಇಲ್ಲ. ಆಕಿ ಅವ್ವನ ಹಾಸಿಗಿ ಬಿಟ್ಟು ಎದ್ದಾಕೆ ಅಲ್ಲ ಆ ಒಂಬತ್ತು ದಿನ. ಯಾವ ಮುಖ ಇಟ್ಟುಕೊಂಡು ಹೇಳಲಿ?"

ಅವಳ ಬೆರಳು ಮತ್ತೆ ನಡೆದವು.

ಬುಡ ಸಮೀಪಿಸಿದಂತೆ ಜಡೆ ಗಟ್ಟಿಯಾಯಿತು. ಆರು ಗಂಟೆಯ ಹೊತ್ತಿಗೆ, ಕಟ್ಟಕಡೆಯ ಸುತ್ತಿನೊಳಗೆ, ಸೂಜಿಗೆ ಏನೋ ತಡೆಯಿತು. ಎರಡು ಮುಳ್ಳುಕಾಯಿ. ಭೋರಿನ ಗುಡ್ಡದಲ್ಲಿ ಸಿಕ್ಕಿಕೊಂಡವು ಒಣಗಿ ಕಲ್ಲಾಗಿ ಕೂದಲನ್ನೆಲ್ಲ ತಮ್ಮ ಸುತ್ತ ಸುತ್ತಿಕೊಂಡಿದ್ದವು. ಅವುಗಳ ಕೆಳಗೆ ತೊಗಲು ಕೊರೆದು ರೂಪಾಯಿ ಅಗಲದ ಗಾಯವಾಗಿ ಕೀವು ಒಸರುತ್ತಿತ್ತು. ಧರ್ಮಣ್ಣ ಮುಳ್ಳನ್ನು ಬಿಡಿಸಿ ತೆಗೆದ. ಶೇವಂತಿ ಒಮ್ಮೆ ಉದ್ದಕ್ಕೆ ಉಸಿರು ಬಿಟ್ಟಿತು. ಕಿವಿಗಳು ಎರಡೂ ಪಕ್ಕಕ್ಕೆ ಸಡಿಲಾಗಿ ಬಿದ್ದವು. ಮೆಲ್ಲಗೆ ತಲೆ ತಂದು ಅವನ ಹೆಗಲ ಮೇಲೆ ಇಟ್ಟು, ಇಡೀ ಭಾರ ಬಿಟ್ಟು, ಕಣ್ಣು ಮುಚ್ಚಿತು.

ಕೇದಾರ ಬಂದಾಗ ಅವನು ಆ ಭಾರ ಹೊತ್ತುಕೊಂಡು ಅಲುಗಾಡದೆ ನಿಂತಿದ್ದ. ಕೇದಾರ ಗಾಯ ನೋಡಿ ಡಾಕ್ಟರಿಗೆ ಫೋಟೊ ಕಳಿಸಿದ. ಮೇಲುಗಾಯ, ತೊಳೆದು ಮುಲಾಮು ಹಚ್ಚಿ, ಜಿಗಿಸಬೇಡಿ, ನಡೆಸಿದರೆ ತೊಂದರೆಯಿಲ್ಲ ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು.

"ಇದಕ್ಕೇ ತಲೆ ಕೊಡವುತ್ತಿದ್ದಳಲ್ಲ ಮಾಮಾ! ನಾನು ಬಾಯಲ್ಲಿ ಹುಳುಕು ಹಲ್ಲಿದೆ ಎಂದುಕೊಂಡಿದ್ದೆ."

"ಹೌದು ಸರ್. ನನಗೂ ತಿಳಿಯಲಿಲ್ಲ," ಎಂದ ಧರ್ಮಣ್ಣ. ಎಂಟು ದಿನ ಕೈಮುಗಿದು ನಿಂತಿದ್ದೆ, ಅದರ ಕೆಳಗೆ ನೋವಿತ್ತು ಎಂಬುದು ಅವನ ಮನಸ್ಸಿನಲ್ಲಿ ಸೂಜಿಯಂತೆ ಆಡುತ್ತಿತ್ತು.

ಇನ್ನೊಂದು ತೊಡಕು ಉಳಿದಿತ್ತು. ಎಣ್ಣೆ ಹತ್ತಿದ ಕೂದಲು ಹೆಣಿಗೆಗೆ ನಿಲ್ಲದು. ತೊಳೆದರೆ ಇನ್ನೂ ಜಾರುತ್ತದೆ, ಅದಕ್ಕೇ ಸ್ಪರ್ಧೆಯ ಹಿಂದಿನ ದಿನ ಕೂದಲು ತೊಳೆಯಬಾರದೆಂಬುದು ಅವನದೇ ಕಟ್ಟಳೆ. ಹುಲಿಗೆವ್ವ ಕಡಲೆಹಿಟ್ಟು ಕಲಸಿ, ಗಾಯ ಉಳಿಸಿ, ಎಣ್ಣೆಯನ್ನೆಲ್ಲ ಉಜ್ಜಿ ತೆಗೆದಳು. ಜಾರುವುದಕ್ಕೂ ಅವಳಲ್ಲೇ ಉಪಾಯವಿತ್ತು. ಮೈ ಮಿರುಗಲೆಂದು ಕುದುರೆಗಳಿಗೆ ಅಗಸಿ ಬೀಜ ಬೇಯಿಸಿ ಹಾಕುವ ಪಾತ್ರೆಯಲ್ಲಿ ಬೆರಳಿಟ್ಟು ಎತ್ತಿ ತೋರಿಸಿದಳು. ಲೋಳೆ ದಾರದಂತೆ ಇಳಿಯಿತು.

"ನಮ್ಮವ್ವ ಇದನ್ನ ಹಚ್ಚಿ ಹೆರಳು ಹಾಕ್ತಿದ್ಲು. ಮೂರು ದಿನ ಬಿಚ್ಚತಿದ್ದಿಲ್ಲ. ಹತ್ತೊಂಬತ್ತು ವರ್ಷ ಕುದುರಿ ಹೊಟ್ಟಿಗೆ ಹಾಕೀರಿ, ಕೂದಲಿಗೆ ಹಚ್ಚೂದು ಹೊಳೀಲಿಲ್ಲ."

"ನೀ ಹೇಳಿದ್ದಿಲ್ಲ."

"ನೀವು ಕೇಳಿದ್ದಿಲ್ಲ."

ಭಾನುವಾರ ಇನ್ನೂ ಮಬ್ಬು ಇರುವಾಗಲೇ ಧರ್ಮಣ್ಣ ಲಾಯಕ್ಕೆ ಬಂದ. ಬಾಗಿಲಲ್ಲಿ ನಿಂತು ಮೊದಲು ಕಿವಿಗೊಟ್ಟ. ಒಳಗಿನಿಂದ ಗೊರಸು ಬಡಿಯುವ ಸದ್ದು, ತಿನ್ನಲು ತಡವಾಯಿತೆಂಬ ಶೇವಂತಿಯ ಕೆನೆತ. ಇದ್ದಾಳೆ. ತಿಂಡಿ ಹಾಕಿ, ಸ್ಟೂಲು ಇಟ್ಟು ನಿಂತು, ಕತ್ತಿನ ಕೂದಲನ್ನು ಸಮಪಾಲು ಮಾಡಿದ. ಅಗಸಿಯ ಲೋಳೆ ಸವರಿ ಮೂರು ಎಳೆ ಹಿಡಿದು ಬಿಗಿಯಾಗಿ ತುದಿಯವರೆಗೆ ಹೆಣೆದು, ಕಂದು ದಾರದಿಂದ ಕಟ್ಟಿ, ಒಳಕ್ಕೆ ಮಡಚಿ, ಇನ್ನೊಮ್ಮೆ ಮಡಚಿ ಸೂಜಿಯಿಂದ ಹೊಲಿದ. ಒಂದು ಗುಂಡು ಮಣಿಯಾಯಿತು. ಕಿವಿಯಿಂದ ಹೆಗಲಿನವರೆಗೆ ಹೀಗೆ ಹದಿಮೂರು, ಹಣೆಯ ಮೇಲೊಂದು. ಗಾಯದ ಪಕ್ಕದ ಏಳನೆಯದಕ್ಕೆ ಕೂದಲು ಸಾಲದೆ ಅದು ಉಳಿದವಕ್ಕಿಂತ ಸಣ್ಣದಾಯಿತು. ಬಿಚ್ಚಿ ಮತ್ತೆ ಹೆಣೆದ. ಮತ್ತೂ ಸಣ್ಣದೇ. ಇರಲಿ ಎಂದು ಬಿಟ್ಟ. ಹೆಣೆಯುತ್ತಾ ಬಾಯಲ್ಲಿ ದೇವಿಯ ಹೆಸರಿತ್ತು, ಮನಸ್ಸಿನಲ್ಲಿ ಲೆಕ್ಕವಿತ್ತು: ಒಂದು ದಿನ ಆಯಿತು, ಇನ್ನು ಎಂಟು.

ಮೈದಾನದಲ್ಲಿ ಇಪ್ಪತ್ತಮೂರು ಕುದುರೆಗಳು ಸಾಲಾಗಿ ನಿಂತಿದ್ದವು. ಹುಲಿಗೆವ್ವ ಅಂದು ಹೂವಿನ ವ್ಯಾಪಾರ ಬಿಟ್ಟು ಜೊತೆಗೆ ಬಂದಿದ್ದಳು, ಗಂಡನ ಮನಸ್ಸಿನ ಲೆಕ್ಕ ಅವಳಿಗೆ ಕೇಳಿಸಿದ ಹಾಗೆ. ತೀರ್ಪುಗಾರ್ತಿ ಟೊಪ್ಪಿಗೆ ಹಾಕಿದ ವಯಸ್ಸಾದ ಹೆಂಗಸು. ಶೇವಂತಿಯ ಬೆನ್ನಿನ ಮೇಲೆ ಬಿಳಿ ಕರವಸ್ತ್ರ ಎಳೆದಳು, ಬಿಳಿಯಾಗಿಯೇ ಬಂತು. ಲಗಾಮಿನ ಬಕ್ಕಲು ತಿರುವಿ ನೋಡಿದಳು, ನೀರಜಾಳ ಬೂಟಿನ ಅಡಿಯನ್ನೂ ಬಿಡಲಿಲ್ಲ. ಹೆಣಿಗೆಗಳ ಮೇಲೆ ಬೆರಳು ಓಡಿಸುತ್ತಾ ಏಳನೆಯದರ ಹತ್ತಿರ ನಿಂತಳು. ಏನೋ ಕೇಳಿದಳು. ನೀರಜಾ ಬೆನ್ನು ನೆಟ್ಟಗೆ ಮಾಡಿ, ಗಾಯ ತೋರಿಸಿ ಉತ್ತರ ಕೊಟ್ಟಳು. ತೀರ್ಪುಗಾರ್ತಿ ಸಾಲಿನ ಆಚೆ ನಿಂತಿದ್ದ ಧರ್ಮಣ್ಣನ ಕಡೆ ತಿರುಗಿ, ವಂದಿಸುವಂತೆ ಟೊಪ್ಪಿಗೆಯ ಅಂಚನ್ನು ಒಮ್ಮೆ ಮುಟ್ಟಿದಳು.

ಮೂರನೆಯ ಸ್ಥಾನ ಬಂತು. ಕೇದಾರ ಹಳದಿ ರಿಬ್ಬನ್ನಿನ ಹೂವನ್ನು ತಂದು ಶೇವಂತಿಯ ಕಿವಿಯ ಪಕ್ಕ ಸಿಕ್ಕಿಸಿದ. "ಏಳನೆಯ ಜಡೆ ಸಣ್ಣದಾಯಿತು, ಮಾಮಾ. ಅರ್ಧ ಅಂಕ ಅಲ್ಲೇ ಹೋಯಿತು," ಎಂದ, ಬೇಸರವಿಲ್ಲದೆ. "ನಾನು ಕತ್ತರಿಸಿದ್ದರೆ ಅಲ್ಲಿ ಜಡೆಯೇ ಇರುತ್ತಿರಲಿಲ್ಲ."

ಶೇವಂತಿಯನ್ನು ಲಾರಿಗೆ ಹತ್ತಿಸಲು ಇನ್ನೂ ಸಮಯವಿತ್ತು. ಹುಲಿಗೆವ್ವ ಬೇವಿನ ಮರದ ನೆರಳಲ್ಲಿ ಗಂಡನ ಮುಂದೆ ಫೋನು ಹಿಡಿದಳು.

"ಹಚ್ರಿ ಅಕ್ಕಗ."

"ಈಗಾ?"

"ಮತ್ಯಾವಾಗ? ಎಂಟು ದಿನ ನೀವು ಹಿಂಗ ಲೆಕ್ಕ ಹಾಕ್ಕೋತ ಕುಂತ್ರ ಕುದುರಿ ಉಳೀತದ, ನಾ ಸಾಯ್ತೀನಿ."

ಊರಲ್ಲಿ ಪಾರವ್ವ ಫೋನು ಎತ್ತಿದಳು. ಅವಳಿಗೆ ಐವತ್ತೆಂಟು, ಫೋನಿನಲ್ಲಿ ಇಡೀ ಓಣಿಗೆ ಕೇಳುವಂತೆ ಮಾತಾಡುವ ಅಭ್ಯಾಸ.

"ಏನೋ ಧರ್ಮ್ಯಾ, ಆಯಿತವಾರ ದಿನ! ಎಲ್ಲಾರೂ ಅರಾಮದೀರಿಲ್ಲ?"

"ಅರಾಮದೀವಿ ಅಕ್ಕಾ. ಒಂದು ಮಾತು ಹೇಳೂದಿತ್ತು. ಅವ್ವನ ಜಡಿ... ಅದು ತಾನ ಉದುರಲಿಲ್ಲ ಅಕ್ಕಾ. ನಾ ಕತ್ತರಿಸಿದ್ದೆ."

ಆ ಕಡೆ ಕೋಳಿಯೊಂದು ಕೂಗಿದ್ದು ಕೇಳಿಸಿತು. ಆಮೇಲೆ ಬಂದದ್ದು ಪಾರವ್ವನದೆಂದು ಗುರುತು ಸಿಗದಷ್ಟು ಸಣ್ಣ ದನಿ.

"ನನಗ ಗೊತ್ತದ, ತಮ್ಮಾ."

"ಗೊತ್ತದ?"

"ನನಗ ಮೊದಲ ಕೇಳಿದ್ಲು ಅವ್ವ. ನಿನಗಿಂತ ಒಂದು ತಿಂಗಳ ಮೊದಲ. ಪಾರೀ, ಕತ್ತರಿಸು ಅಂತ ಕೈ ಮುಗದ್ಲು. ನಾ ಒಲ್ಲೆ ಅಂದೆ. ದೇವಿಗೆ ಹೆದರಿದೆ." ಮೂಗು ಎಳೆದುಕೊಂಡ ಸದ್ದು. "ನೀ ತಗದ ಮ್ಯಾಲ ತಲಿ ತೊಳದಾಕಿ ನಾನ. ಜಡಿ ಬುಡಕ ಹುಣ್ಣಾಗಿ ಕೀವು ತುಂಬಿತ್ತೋ, ನನ್ನ ಅಂಗೈಯಷ್ಟು. ಎಂದಿಂದ ಇತ್ತೋ. ಆ ಜ್ವರ ಅದರದು. ನೀ ಕತ್ತರಿ ಹಿಡಿಯೂಕಿಂತ ಮೊದಲ ಆಕಿ ಮೈ ಸುಡ್ತಿತ್ತು, ನಿನಗ ತಿಳೀಲಿಲ್ಲ, ಸಣ್ಣಾವ ಇದ್ದಿ. ಒಂದು ತಿಂಗಳ ಹಿಂದ ನಾ ಹೂಂ ಅಂದಿದ್ರ..."

"ಅಕ್ಕಾ."

"ಉಳೀತಿದ್ಲೇನೋ ಅಂತ ನಾ ನಲವತ್ತು ವರ್ಷ..."

"ಅಕ್ಕಾ, ಅಳಬ್ಯಾಡ. ನಿನಗೂ ಹದಿನಾರ ವರ್ಷ ಅಷ್ಟ. ನಿನಗೇನು ತಿಳೀತಿತ್ತು?" ಎಂದ ಧರ್ಮಣ್ಣ. ತಾನು ಅವಳಿಗೆ ಹೇಳುತ್ತಿರುವ ಮಾತು ತನ್ನ ಕಿವಿಗೂ ಬಿತ್ತು. ಮರದ ಬೊಡ್ಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತ.

"ಒಂದು ಹೇಳ್ತೀನಿ ಕೇಳು," ಎಂದಳು ಪಾರವ್ವ. "ಆ ಒಂಬತ್ತು ದಿನ ಅವ್ವ ಮಲಗಿದ್ದು ನೋಡಬೇಕಿತ್ತು ನೀ. ಕೂಸು ಮಲಗಿದಂಗ. ಜ್ವರದಾಗೂ ತಲಿ ಆ ಕಡಿ ಈ ಕಡಿ ಹೊರಳಿಸಿ, ಹಗುರಾಗೇದ ಪಾರೀ, ಭಾಳ ಹಗುರಾಗೇದ ಅಂತಿದ್ಲು. ಕಡೀ ದಿನ ಸುದ್ಧಾ ಅಂದ್ಲು. ತಮ್ಮಗ ಏನೂ ಅನಬ್ಯಾಡ ಅಂತ ನನ್ನ ಕಡೆ ಆಣಿ ಹಾಕಿಸಿಕೊಂಡ್ಲು. ಅದಕ್ಕ ನಾ ಬಾಯಿ ಬಿಡಲಿಲ್ಲ. ನಿನಗ ತ್ರಾಸಾದೀತು ಅಂತ."

ಧರ್ಮಣ್ಣ ತಾಯಿ ಎಂದು ಮನಸ್ಸಿನಲ್ಲೇ ಕರೆದ. ಅವ್ವನನ್ನೋ ದೇವಿಯನ್ನೋ, ಎರಡೂ ಕರೆಗೆ ಒಂದೇ ಹೆಸರು. ನಲವತ್ತೆರಡು ವರ್ಷ ಯಾರ ಮುಂದೆ ಕಣ್ಣು ತಗ್ಗಿಸಿ ನಿಂತಿದ್ದನೋ ಆಕೆ ಒಮ್ಮೆಯೂ ಅವನ ಮೇಲೆ ಸಿಟ್ಟಾಗಿರಲಿಲ್ಲ. ಬೇವಿನ ಎಲೆಗಳ ಸಂದಿಯಿಂದ ಬಿಸಿಲು ಮುಖದ ಮೇಲೆ ಬೀಳುತ್ತಿತ್ತು. ಅವನು ಕಣ್ಣು ತೆರೆದುಕೊಂಡೇ ಕೈಮುಗಿದ.

"ಇದ್ದೀಯೇನೋ?" ಪಾರವ್ವನ ದನಿ ಮತ್ತೆ ಓಣಿಯ ಅಳತೆಗೆ ಬಂದಿತ್ತು. "ಇವತ್ತ ಯಾಕ ಇದು ನೆನಪಾತು ನಿನಗ?"

"ನಮ್ಮ ಕುದುರಿಗೆ ಜಡಿ ಬಂದಿತ್ತು."

"ಕುದುರಿಗೆ! ಏನ್ ಮಾಡಿದ್ರಿ?"

"ಬಿಡಿಸಿದ್ವಿ. ಮುಳ್ಳಿತ್ತು ಒಳಗ."

"ಛಲೋ ಮಾಡಿದ್ರಿ. ಪಾಪ ಅದಕ್ಕ ಬಾಯಿಲ್ಲ." ಪಾರವ್ವ ಮೂಗೊರೆಸಿಕೊಂಡಳು. "ಎಲ್ಲಿ, ತೋರಸು. ವಿಡಿಯೊ ಹಚ್ಚು. ನನ್ನ ಮೊಮ್ಮಗಳು ಕಲಿಸ್ಯಾಳ ನನಗ, ಎಲ್ಲಾ ಬರ್ತದ."

ಹುಲಿಗೆವ್ವ ಫೋನು ತೆಗೆದುಕೊಂಡು ಶೇವಂತಿಯ ಹತ್ತಿರ ಹೋದಳು. ಶೇವಂತಿ ತಿನ್ನುವುದೇನೋ ಬಂತೆಂದು ಮೂಗು ಚಾಚಿತು.

"ಅಯ್ಯ, ಬರೇ ಮೂಗ ಕಾಣ್ತದಲ್ಲ!" ಎಂದು ಕಿರುಚಿದಳು ಪಾರವ್ವ ಇನ್ನೂರೈವತ್ತು ಮೈಲಿ ಆಚೆಯಿಂದ. "ಹಿಂದ ಸರಸವ್ವ ಅದನ್ನ, ನನ್ನ ಮ್ಯಾಲ ಉಸರು ಬಿಟ್ಟಂಗಾತು! ಹಾಂ, ಈಗ ಕಂಡ್ತು. ಯವ್ವಾ, ಎಷ್ಟು ಚಂದ ಹೆಣದಾನ ನಮ್ಮ ತಮ್ಮ! ನನ್ನ ಮೊಮ್ಮಗಳ ಲಗ್ನಕ್ಕ ಹೆರಳು ಹಾಕಾಕ ಬಾ ಅನ್ನು ಅವಗ."

ಲಾರಿಯವನು ಹಾರ್ನ್ ಮಾಡಿದ. ಶೇವಂತಿಯನ್ನು ಹತ್ತಿಸಿ, ಕಟ್ಟಿ, ಗಂಡ ಹೆಂಡತಿ ಅವಳ ಪಕ್ಕದಲ್ಲೇ ಹುಲ್ಲಿನ ಮೇಲೆ ಕೂತರು. ಹಡಪಸರದ ಹತ್ತಿರ ಎಂದಿನಂತೆ ಗಾಡಿಗಳೆಲ್ಲ ಸಿಕ್ಕಿಹಾಕಿಕೊಂಡು ನಿಂತಿದ್ದವು. ಮುಂದೆ ಯಾರೋ ಬೈಯುತ್ತಿದ್ದರು, ಹಿಂದೆ ಯಾರೋ ಹಾರ್ನ್ ಒತ್ತುತ್ತಲೇ ಇದ್ದರು.

"ಮುಕ್ಕಾಲು ತಾಸಾದ್ರೂ ಅಲ್ಲಾಡೂದಿಲ್ಲ ಇದು," ಎಂದಳು ಹುಲಿಗೆವ್ವ.

ತಿರುಗಿ ನೋಡಿದಳು. ಧರ್ಮಣ್ಣ ಹಲಗೆಗೆ ತಲೆಯಾನಿಸಿ, ಬಾಯಿ ಒಂದಿಷ್ಟು ತೆರೆದು, ಗಾಢವಾಗಿ ನಿದ್ದೆ ಹೋಗಿದ್ದ. ಅವಳು ಸೆರಗಿನಿಂದ ಅವನ ಮುಖಕ್ಕೆ ಬಿಸಿಲು ಬೀಳದಂತೆ ಮರೆ ಹಿಡಿದು ಕೂತಳು.